ಕಾರ್ಡ್ ಒಂದು, ದಾರಿಯಲ್ಲಿ ಐದು ರಾಜ್ಯ

ಪ್ರತಿ ದೀಪಾವಳಿಗೆ ನಾವು ಮಗಳ ಮನೆಗೆ ಹೋಗುತ್ತೇವೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಅವಳಿರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಬೆಳಗಿನ ಜಾವ ಐ-95 ಹಿಡಿದರೆ ಡೆಲವೇರ್, ಮೇರಿಲ್ಯಾಂಡ್, ವರ್ಜೀನಿಯಾ ದಾಟಿ ಸಂಜೆ ಹೊತ್ತಿಗೆ ಅಲ್ಲಿರುತ್ತೇವೆ. ನಮ್ಮ ರಾಜ್ಯವೂ ಸೇರಿ ಐದು ರಾಜ್ಯ. ವಾಷಿಂಗ್ಟನ್ ಹತ್ತಿರ ವುಡ್ರೋ ವಿಲ್ಸನ್ ಸೇತುವೆ ದಾಟುವಾಗ ಕೆಲವೇ ಸೆಕೆಂಡು ಡಿ.ಸಿ.ಯ ಗಡಿಯೊಳಗೂ ಇರುತ್ತೇವೆ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದರೂ ಈ ಗಡಿಗಳ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಈ ವರ್ಷ ಕೆಡಿಸಿಕೊಂಡೆ. ನಮ್ಮ ಮನೆಯವರು ಇಲ್ಲಿನ ಒಂದು ಊರಿನ ಪೊಲೀಸ್ ಇಲಾಖೆಯಲ್ಲಿ 25 ವರ್ಷ ಕೆಲಸ ಮಾಡಿ ರಿಟೈರ್ ಆಗಿದ್ದಾರೆ. ಹಾಸನದ ಕಡೆಯ ಹುಡುಗ ಅಮೆರಿಕದಲ್ಲಿ ಪೊಲೀಸ್ ಆಗಿದ್ದು ಹೇಗೆ ಅನ್ನೋದು ಬೇರೆಯೇ ಕತೆ, ಇನ್ನೊಂದು ದಿನ ಬರೆಯುತ್ತೇನೆ. ಇವತ್ತಿನ ವಿಷಯ, ಕನ್ನಡ ಸಂಘದಲ್ಲಿ ಎಲ್ಲರೂ ಕೇಳುವ ಆ ಒಂದು ಪ್ರಶ್ನೆ: "ರಿಟೈರ್ ಆದ ಮೇಲೂ ಗನ್ ಇಟ್ಟುಕೊಂಡು ಓಡಾಡಬಹುದಾ? ಬೇರೆ ರಾಜ್ಯಕ್ಕೆ ಹೋದರೆ?" ಕೆಲವು ಷರತ್ತಿನ ಮೇಲೆ ಓಡಾಡಬಹುದು, ಅದಕ್ಕೆ ಒಂದು ಫೆಡರಲ್ ಕಾನೂನೇ ಇದೆ, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು.

ಮೊದಲು ನನಗೂ ಅನಿಸಿತ್ತು, ಕೆಲಸ ಮುಗಿಯಿತಲ್ಲ, ಇನ್ನು ಅದೆಲ್ಲ ಯಾಕೆ ಅಂತ. ರಿಟೈರ್ ಆಗಿ ಎರಡು ತಿಂಗಳಾಗಿರಬೇಕು, ಇಬ್ಬರೂ ತರಕಾರಿ ತರಲು ಹೋಗಿದ್ದೆವು. ಪಾರ್ಕಿಂಗ್ ಜಾಗದಲ್ಲಿ ಒಬ್ಬ ಹತ್ತಿರ ಬಂದು ಇವರನ್ನೇ ನೋಡುತ್ತಾ "ನನ್ನ ನೆನಪಿದೆಯಾ?" ಎಂದ. ಇವರು ಯಾವತ್ತೋ ಬಂಧಿಸಿದ್ದವನು. ಏನೂ ಮಾಡಲಿಲ್ಲ, ಸ್ವಲ್ಪ ಹೊತ್ತು ನಿಂತು ಹೋದ. ಆದರೆ ಆ ಸ್ವಲ್ಪ ಹೊತ್ತು ನನ್ನ ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ನಡುಗುತ್ತಿತ್ತು. ಇವರ ಯೂನಿಫಾರ್ಮ್ ಬೀರು ಸೇರಿತ್ತು, ಇವರ ಮುಖ ಮಾತ್ರ ಅವನಿಗೆ ನೆನಪಿತ್ತು. ಈ ಕಾನೂನು ಯಾಕೆ ಬಂತು ಅಂತ ನನಗೆ ಅರ್ಥವಾಗಿದ್ದು ಅಲ್ಲೇ.

ಕಾನೂನಿನ ಹೆಸರು ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ಸ್ ಸೇಫ್ಟಿ ಆಕ್ಟ್. ಎಲ್ಲರೂ ಲಿಯೋಸಾ ಅನ್ನುತ್ತಾರೆ. ಹಳೆಯ ಪೊಲೀಸರು ಮಸೂದೆಯ ನಂಬರ್ ಹಿಡಿದು ಈಗಲೂ "ಟೂ-ಎಯ್ಟೀನ್" ಅನ್ನುವುದುಂಟು. 2004ರ ಜುಲೈ 22ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಇದಕ್ಕೆ ಸಹಿ ಹಾಕಿದರು. ಅದಕ್ಕೂ ಮುಂಚೆ ಪ್ರತಿ ರಾಜ್ಯದ್ದೂ ಅದರದೇ ಲೆಕ್ಕ. ಒಂದು ರಾಜ್ಯದಲ್ಲಿ ಗೌರವದಿಂದ ಸೆಲ್ಯೂಟ್ ಹೊಡೆಸಿಕೊಂಡ ಅಧಿಕಾರಿ ಗಡಿ ದಾಟಿದ ಕೂಡಲೇ ಅಪರಾಧಿ ಆಗಬಹುದಿತ್ತು. ನಮ್ಮ ನ್ಯೂಜೆರ್ಸಿಯಲ್ಲಿ ಪರ್ಮಿಟ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಿದರೆ 5ರಿಂದ 10 ವರ್ಷ ಜೈಲು. ಇದು ಆಟದ ವಿಷಯ ಅಲ್ಲ.

ಲಿಯೋಸಾ ಹೇಳುವುದಿಷ್ಟು: ನೀವು ಒಳ್ಳೆಯ ಹೆಸರಿನಿಂದ ಕೆಲಸ ಬಿಟ್ಟಿರಬೇಕು. ಒಟ್ಟು 10 ವರ್ಷವಾದರೂ ಸೇವೆ ಮಾಡಿರಬೇಕು (ಮೊದಲು 15 ಇತ್ತು, 2010ರಲ್ಲಿ ಇಳಿಸಿದರು), ಅಥವಾ ಪ್ರೊಬೇಷನ್ ಮುಗಿದ ಮೇಲೆ ಕೆಲಸದಿಂದಾದ ಅಂಗವೈಕಲ್ಯಕ್ಕೆ ಬಿಟ್ಟಿರಬೇಕು. ಬಂದೂಕು ಇಟ್ಟುಕೊಳ್ಳದಂತೆ ಫೆಡರಲ್ ಕಾನೂನಿನ ತಡೆ ಇರಬಾರದು, ಮಾನಸಿಕ ಆರೋಗ್ಯದ ಕಾರಣಕ್ಕೆ ಅನರ್ಹ ಅನಿಸಿಕೊಂಡಿರಬಾರದು. ಪ್ರತಿ 12 ತಿಂಗಳಿಗೊಮ್ಮೆ ಸ್ವಂತ ಖರ್ಚಿನಲ್ಲಿ ಶೂಟಿಂಗ್ ರೇಂಜ್‌ಗೆ ಹೋಗಿ ಗುರಿ ಪರೀಕ್ಷೆ ಪಾಸಾಗಬೇಕು. ಹಳೆಯ ಇಲಾಖೆ ಕೊಟ್ಟ ಫೋಟೊ ಕಾರ್ಡ್ ಮತ್ತು ಪರೀಕ್ಷೆಯ ಪ್ರಮಾಣಪತ್ರ ಜೇಬಿನಲ್ಲಿರಬೇಕು. ಇಷ್ಟಿದ್ದರೆ ಯಾವ ರಾಜ್ಯದ ಪರ್ಮಿಟ್ ನಿಯಮವೂ ನಿಮ್ಮನ್ನು ತಡೆಯುವ ಹಾಗಿಲ್ಲ. ಮರೆಯಾಗಿ ಇಟ್ಟುಕೊಂಡರೆ ಮಾತ್ರ. ಸೊಂಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡರೆ ಈ ಕಾನೂನು ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ವರ್ಷವರ್ಷದ ಆ ಪರೀಕ್ಷೆ ಕಿರಿಕಿರಿ ಅಂತ ಇವರ ಕೆಲವು ಗೆಳೆಯರು ಗೊಣಗುತ್ತಾರೆ. ನನಗೆ ಹಾಗನಿಸುವುದಿಲ್ಲ. ವಯಸ್ಸಾಗುತ್ತೆ, ಕಣ್ಣು ಮಂಜಾಗುತ್ತೆ, ಕೈ ಮೊದಲಿನ ಹಾಗಿರಲ್ಲ. ಪರೀಕ್ಷೆ ಇರಲೇಬೇಕು. ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಯಾವ ಬಗೆಯ ಬಂದೂಕಿನಲ್ಲಿ ಪಾಸಾದಿರೋ ಅದೇ ಬಗೆಯದನ್ನು ಮಾತ್ರ ಒಯ್ಯಬಹುದು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟು ಜೇಬಲ್ಲಿ ರಿವಾಲ್ವರ್ ಇಟ್ಟುಕೊಂಡರೆ ಆ ಪ್ರಮಾಣಪತ್ರ ಇದ್ದೂ ಇಲ್ಲದ ಹಾಗೆ.

ನನಗೆ ನಿಜವಾಗಿ ಬೇಜಾರಾಗುವುದು ಕಾರ್ಡಿನ ವಿಷಯ. ಇಷ್ಟೆಲ್ಲ ಹಕ್ಕು ಕೊಡುವ ಕಾನೂನು, ಹಳೆಯ ಇಲಾಖೆ ಆ ಕಾರ್ಡ್ ಕೊಡಲೇಬೇಕು ಅಂತ ಎಲ್ಲೂ ಹೇಳುವುದಿಲ್ಲ! ಇವರ ಕಾರ್ಡ್ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಫೋನ್ ಮಾಡಿದರೆ "ಫೈಲ್ ನೋಡ್ತಿದ್ದೀವಿ" ಅನ್ನುವ ಉತ್ತರ, ಒಂದಲ್ಲ ಹತ್ತು ಸಲ. 25 ವರ್ಷ ರಾತ್ರಿ ಪಾಳಿ, ಹಬ್ಬದ ಪಾಳಿ ಮಾಡಿದ ಮನುಷ್ಯ ಒಂದು ಪ್ಲಾಸ್ಟಿಕ್ ಕಾರ್ಡಿಗಾಗಿ ಕಾಯುತ್ತಾ ಕೂತಿದ್ದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಬೇರೆಯವರ ಪಾಡು ಇನ್ನೂ ಕಷ್ಟ. ವಾಷಿಂಗ್ಟನ್ ಡಿ.ಸಿ.ಯ ಜೈಲಿನಲ್ಲಿ ಕೆಲಸ ಮಾಡಿ ರಿಟೈರ್ ಆದವರಿಗೆ, ನಿಮಗೆ ಬಂಧಿಸುವ ಅಧಿಕಾರ ಇರಲಿಲ್ಲ, ನೀವು ಇದರಲ್ಲಿ ಬರುವುದಿಲ್ಲ ಅಂತ ಅಲ್ಲಿನ ಆಡಳಿತ ಹೇಳಿತು. ಅವರು ಕೋರ್ಟಿಗೆ ಹೋದರು. ಇದು ನಿಮ್ಮ ಹಕ್ಕು, ಇದಕ್ಕಾಗಿ ನೀವು ದಾವೆ ಹೂಡಬಹುದು ಅಂತ 2016ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟ್ ಹೇಳಬೇಕಾಯಿತು.

ನಮ್ಮ ನ್ಯೂಜೆರ್ಸಿಯದು ಇನ್ನೊಂದು ಕತೆ. ಲಿಯೋಸಾ ಇದ್ದರೂ ಈ ರಾಜ್ಯ, ನಮ್ಮ ಪರ್ಮಿಟ್ ಬೇರೆ ತಗೊಳ್ಳಿ ಅನ್ನುತ್ತಿತ್ತು. ವರ್ಷಕ್ಕೆ ಎರಡು ಸಲ ಗುರಿ ಪರೀಕ್ಷೆ, 75 ವರ್ಷ ದಾಟಿದವರಿಗೆ ಪರ್ಮಿಟ್ ಇಲ್ಲ, ಹಾಲೋ ಪಾಯಿಂಟ್ ಗುಂಡು ಒಯ್ಯುವ ಹಾಗಿಲ್ಲ. ಈ ಗುಂಡು ತಗುಲಿದ ಕೂಡಲೇ ಅರಳಿಕೊಂಡು ಅಲ್ಲೇ ನಿಲ್ಲುತ್ತದೆ, ಒಬ್ಬರನ್ನು ದಾಟಿ ಹಿಂದಿರುವ ಇನ್ನೊಬ್ಬರಿಗೆ ಹೊಡೆಯುವ ಅಪಾಯ ಕಡಿಮೆ. ಅದಕ್ಕೇ ಪೊಲೀಸರು ಅದನ್ನು ಬಳಸುವುದು. ಫೆಡರಲ್ ಕಾನೂನು ಬೇಡ ಅನ್ನದ ಗುಂಡೆಲ್ಲ ಲಿಯೋಸಾದಲ್ಲಿ ಸೇರುತ್ತದೆ ಅಂತ 2010ರ ತಿದ್ದುಪಡಿಯಲ್ಲೇ ಬರೆದಿದ್ದರೂ ಇಲ್ಲಿ ತಕರಾರು ಮುಗಿದಿರಲಿಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಮೂರನೇ ಸರ್ಕಿಟ್ ಕೋರ್ಟ್ (ನಮ್ಮ ಕಡೆಯ ಫೆಡರಲ್ ಮೇಲ್ಮನವಿ ಕೋರ್ಟ್) ರಿಟೈರ್ ಆದವರ ಪರವಾಗಿ ತೀರ್ಪು ಕೊಟ್ಟಿತು. ನ್ಯೂಜೆರ್ಸಿಯಲ್ಲೇ ಕೆಲಸ ಮಾಡಿ ರಿಟೈರ್ ಆದವರಿಗೂ ಅದು ಅನ್ವಯಿಸುತ್ತದೆ ಅಂದಿತು. ಆ ಸುದ್ದಿ ಬಂದ ದಿನ ಇವರು ಹೆಚ್ಚು ಮಾತಾಡಲಿಲ್ಲ, ಸುಮ್ನೆ ಎರಡನೇ ಲೋಟ ಕಾಫಿ ಕೇಳಿದರು.

ಇಷ್ಟು ಓದಿ, ಹಾಗಾದರೆ ಕಾರ್ಡ್ ಇದ್ದರೆ ಸಾಕು, ಎಲ್ಲಿ ಬೇಕಾದರೂ ಹೋಗಬಹುದು ಅಂದುಕೊಳ್ಳಬೇಡಿ. ತುಂಬಾ ಜನ ಎಡವುವುದು ಇಲ್ಲೇ. ಖಾಸಗಿ ಜಾಗದವರು ಬೇಡ ಅಂದರೆ ಅದನ್ನು ಜಾರಿ ಮಾಡುವ ರಾಜ್ಯದ ಕಾನೂನಿಗೆ ಲಿಯೋಸಾ ಅಡ್ಡ ಬರುವುದಿಲ್ಲ. ಹೋಟೆಲ್, ಮಾಲ್, ಆಸ್ಪತ್ರೆ, ದೇವಸ್ಥಾನ ಎಲ್ಲವೂ ಇದರಲ್ಲಿ ಬರಬಹುದು, ಬಾಗಿಲಿನ ಬೋರ್ಡ್ ನೋಡಿಕೊಳ್ಳಬೇಕು. ರಾಜ್ಯದ ಅಥವಾ ಊರಿನ ಸರ್ಕಾರಿ ಕಟ್ಟಡ, ಪಾರ್ಕ್‌ಗಳೂ ಅಷ್ಟೇ. ಪೋಸ್ಟ್ ಆಫೀಸ್, ಫೆಡರಲ್ ಕಟ್ಟಡ, ವಿಮಾನದ ಕ್ಯಾಬಿನ್‌ಗೆ ಈ ಕಾರ್ಡ್ ಲೆಕ್ಕಕ್ಕೇ ಇಲ್ಲ, ಯಾಕಂದರೆ ಅದು ರಾಜ್ಯದ ಕಾನೂನಿನಿಂದ ಮಾತ್ರ ವಿನಾಯಿತಿ ಕೊಡುತ್ತದೆ. ಮ್ಯಾಗಜೀನ್, ಅಂದರೆ ಪಿಸ್ತೂಲಿಗೆ ಗುಂಡು ತುಂಬಿಡುವ ಡಬ್ಬಿ, ಅದರ ವಿಷಯದಲ್ಲೂ ಹುಷಾರಾಗಿರಬೇಕು. ಕಾನೂನಿನಲ್ಲಿ ಬಂದೂಕು ಅಂತಿದೆ, ಗುಂಡು ಅಂತಿದೆ, ಮ್ಯಾಗಜೀನ್ ಅನ್ನುವ ಮಾತೇ ಇಲ್ಲ. 10 ಗುಂಡಿನ ಮಿತಿ ಇರುವ ಕಡೆ ಹೋಗುವಾಗ 10ರದನ್ನೇ ಒಯ್ಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಇವರೂ ಒಪ್ಪಿದ್ದಾರೆ. ಮದ್ಯದ ಅಮಲಿದ್ದರಂತೂ ಆ ಹೊತ್ತಿಗೆ ನೀವು ಈ ಕಾನೂನಿನ ರಕ್ಷಣೆಯಲ್ಲೇ ಇಲ್ಲ. ಮದುವೆ ಮನೆ, ರಿಸೆಪ್ಷನ್ ಅಂತ ಓಡಾಡುವವರು ಇದನ್ನು ಗಮನದಲ್ಲಿಡಬೇಕು. ಇನ್ನೊಂದು, ಈ ಕಾರ್ಡ್ ಯಾರನ್ನೂ ಮತ್ತೆ ಪೊಲೀಸ್ ಮಾಡುವುದಿಲ್ಲ. ಬಂಧಿಸುವ ಅಧಿಕಾರ ಅದರಿಂದ ಬರುವುದಿಲ್ಲ.

ಎಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಶಾಲೆಯ ವಿಷಯ. ಶಾಲೆಯ ಆವರಣದಿಂದ 1000 ಅಡಿ ಒಳಗೆ ಬಂದೂಕು ಇರಬಾರದು ಅನ್ನುವುದು ಫೆಡರಲ್ ಕಾನೂನು. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಪರ್ಮಿಟ್ ಇದ್ದರೆ ವಿನಾಯಿತಿ ಇದೆ. ಕರ್ತವ್ಯದ ಮೇಲಿರುವ ಪೊಲೀಸರಿಗೂ ಇದೆ. ರಿಟೈರ್ ಆದವರ ಲಿಯೋಸಾ ಕಾರ್ಡಿಗೆ ಇಲ್ಲ. ಹೆದ್ದಾರಿ ಬಿಟ್ಟು ಯಾವುದಾದರೂ ಊರೊಳಗೆ ತಿರುಗಿದರೆ ಎಡಕ್ಕೋ ಬಲಕ್ಕೋ ಒಂದು ಶಾಲೆ ಇದ್ದೇ ಇರುತ್ತೆ ಅಲ್ವಾ? ಇದನ್ನು ಸರಿ ಮಾಡುವ ಮಸೂದೆಯನ್ನು 2024ರ ಮೇ ತಿಂಗಳಲ್ಲಿ ಇಲ್ಲಿನ ಸಂಸತ್ತಿನ ಕೆಳಮನೆ ಪಾಸ್ ಮಾಡಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. 20 ವರ್ಷ ಹಳೆಯ ಕಾನೂನಿನಲ್ಲಿ ಇಷ್ಟು ದೊಡ್ಡ ತೂತು ಹಾಗೇ ಉಳಿದಿರುವುದು ಸರಿಯಲ್ಲ. ನಿಯಮ ಮುರಿಯಬೇಕು ಅಂತ ಯಾರಿಗೂ ಇರುವುದಿಲ್ಲ, ರಸ್ತೆ ತಿರುಗಿದ್ದಕ್ಕೆ ಕೇಸ್ ಆಗುವ ಪರಿಸ್ಥಿತಿ ಯಾಕಿರಬೇಕು?

ಊರಿನಲ್ಲಿ ಇದನ್ನೆಲ್ಲ ಹೇಳಿದರೆ ನನ್ನ ದೊಡ್ಡಪ್ಪನಿಗೆ ಆಶ್ಚರ್ಯ. ಅವರೂ ಪೊಲೀಸ್ ಇಲಾಖೆಯಲ್ಲಿದ್ದವರು. ರಿಟೈರ್ ಆದ ದಿನ ರಿವಾಲ್ವರ್ ಒಪ್ಪಿಸಿ, ರಸೀದಿ ತಗೊಂಡು, ಹಾರ ಹಾಕಿಸಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಭಾರತದಲ್ಲಿ ಅದು ಸರ್ಕಾರದ್ದು, ಕೆಲಸದ ಜೊತೆಗೇ ಹೋಗುತ್ತದೆ. ಆಮೇಲೆ ಸ್ವಂತದ್ದು ಬೇಕೆಂದರೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು, ಚುನಾವಣೆ ಬಂದಾಗ ಸ್ಟೇಷನ್‌ನಲ್ಲಿ ಇಟ್ಟು ಬನ್ನಿ ಅಂತಲೂ ಹೇಳಿಸಿಕೊಳ್ಳಬೇಕು. "ನಮಗೆ ಲಾಠಿಯೂ ಬಿಟ್ಟು ಕೊಡಲಿಲ್ಲ ಕಣಮ್ಮ" ಅಂದರು ದೊಡ್ಡಪ್ಪ. ಅವರನ್ನು ಹಗೆ ಮಾಡಿಕೊಂಡವರು ಇರಲಿಲ್ಲವೇ? ಇದ್ದರು. ಎಷ್ಟೋ ವರ್ಷ ಸಂಜೆಯಾದ ಮೇಲೆ ಅವರು ಒಬ್ಬರೇ ಪೇಟೆಗೆ ಹೋಗುತ್ತಿರಲಿಲ್ಲ. ಅದರ ಕಾರಣ ಚಿಕ್ಕವಳಿದ್ದಾಗ ನನಗೆ ಯಾರೂ ಹೇಳಿರಲಿಲ್ಲ.

ಹೋದ ವಾರ ನಕ್ಷೆ ತೆಗೆದು ಮಗಳ ಮನೆಯಿಂದ ಹತ್ತಿರದ ಪ್ರೈಮರಿ ಶಾಲೆಗೆ ಎಷ್ಟು ದೂರ ಅಂತ ಅಳೆದೆವು. 1000 ಅಡಿಗಿಂತ ಕಡಿಮೆಯೇ. ಮೊಮ್ಮಗಳು ಓದುವುದೂ ಅಲ್ಲೇ, ಬೆಳಗ್ಗೆ ತಾತನ ಕೈ ಹಿಡಿದು ನಡೆದುಕೊಂಡೇ ಹೋಗಬೇಕು ಅನ್ನುವುದು ಅವಳ ಹಠ. ಅದಕ್ಕೆ ಈ ಸಲ ಪಿಸ್ತೂಲನ್ನು ಮನೆಯ ಲಾಕರ್‌ನಲ್ಲೇ ಬಿಟ್ಟು ಹೋಗುವುದು ಅಂತ ಇವರೇ ಹೇಳಿದರು. ದಾರಿಯುದ್ದಕ್ಕೂ ಗುಂಡು ತೆಗೆದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಒಯ್ಯಬಹುದಿತ್ತು, ಅದಕ್ಕೆ ಬೇರೆ ಕಾನೂನೇ ಇದೆ. ಬೇಡ ಅಂದರು. ಕಾರ್ಡ್ ಮಾತ್ರ ಪರ್ಸಿನಲ್ಲಿಟ್ಟುಕೊಂಡಿದ್ದಾರೆ. ಮುಂದಿನ ಗುರಿ ಪರೀಕ್ಷೆ ನಾವು ವಾಪಸ್ ಬಂದ ಮೇಲಿನ ಶನಿವಾರ. ಚಕ್ಕುಲಿ ಡಬ್ಬ ಕಟ್ಟುವುದು ಇನ್ನೂ ಬಾಕಿ ಇದೆ, ಹೊರಡುವುದು ನಾಡಿದ್ದು ಬೆಳಗ್ಗೆ ನಾಲ್ಕಕ್ಕೆ.