ಸಾಫ್ಟ್ ಕೋರಲ್ ಟ್ಯಾಂಕಿಗೆ ಎಷ್ಟು ಬೆಳಕು ಸಾಕು? ಮುಂಬೈ ಮನೆಗೊಂದು ಎಲ್‌ಇಡಿ ಲೆಕ್ಕ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಹವಳದ ಟ್ಯಾಂಕ್ ಇಡುವ ನಮ್ಮವರಲ್ಲಿ ಹೆಚ್ಚಿನವರು ಬೇಕಾದ್ದಕ್ಕಿಂತ ದೊಡ್ಡ ದೀಪ ತರುತ್ತಾರೆ. ವಿದೇಶದ ವಿಡಿಯೋಗಳಲ್ಲಿ ಕಾಣುವ ಭಾರೀ ದೀಪಗಳು ಅಕ್ರೊಪೊರಾದಂಥ ಗಟ್ಟಿ ಹವಳಕ್ಕೆ ಮಾಡಿದವು. ನಮ್ಮಲ್ಲಿ ಗಟ್ಟಿ ಹವಳ, ಸಮುದ್ರ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ನಮ್ಮ ಸಮುದ್ರದಿಂದ ಅವನ್ನು ಕಿತ್ತು ಮಾರುವುದು ಅಪರಾಧ. ಯಾರಾದರೂ ಕದ್ದು ತಂದು ಕೊಟ್ಟರೂ ಕೊಳ್ಳಬೇಡಿ. ಮನೆಗೆ ಮಶ್ರೂಮ್, ಝೋವಾ, ಲೆದರ್ ಎಂಬ ಮೆತ್ತನೆಯ ಹವಳಗಳೇ (ಸಾಫ್ಟ್ ಕೋರಲ್) ಸರಿ, ಚೆಂದವೂ ಹೌದು. ಇವುಗಳ ಹಸಿವಿಗೆ ತಕ್ಕ ಬೆಳಕಿನ ಲೆಕ್ಕ ಇಲ್ಲಿದೆ.

ಹವಳದ ಮೈಯೊಳಗಿರುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಾದ್ದು 400ರಿಂದ 500 ನ್ಯಾನೋಮೀಟರ್‌ನ ನೇರಳೆ, ನೀಲಿ ಬೆಳಕು. ಪಾಚಿಗೆ ಸಿಗುವ ಬೆಳಕಿನ ಅಳತೆ ಪಾರ್. ಮಶ್ರೂಮ್‌ಗೆ 30ರಿಂದ 60 ಪಾರ್, ಝೋವಾಗೆ 70ರಿಂದ 120, ಟೋಡ್‌ಸ್ಟೂಲ್ ಲೆದರ್‌ಗೆ 80ರಿಂದ 150 ಇದ್ದರೆ ಸಾಕು. ಗಟ್ಟಿ ಹವಳದವರು ಹೇಳುವ 250, 300 ನಮಗೆ ಬೇಡ.

ಲಕ್ಸ್ ಮೀಟರನ್ನೋ ಮೊಬೈಲ್ ಆ್ಯಪನ್ನೋ ನಂಬಿ ಕೂರಬೇಡಿ. ಲಕ್ಸ್ ಮನುಷ್ಯರ ಕಣ್ಣಿಗಾಗಿ ಮಾಡಿದ ಅಳತೆ. 450 ನ್ಯಾನೋಮೀಟರ್‌ನ ನೀಲಿಯನ್ನು ಅದು ಹಸಿರಿನ ಶೇ 4ರಷ್ಟೇ ಎಣಿಸುತ್ತದೆ. ಮೀಟರ್ ‘ಕಡಿಮೆ’ ಅನ್ನುತ್ತಿರುವಾಗಲೇ ಹವಳ ಬಿಳಿಚಿಕೊಳ್ಳುತ್ತಿರುತ್ತದೆ. ನೀಲಿಯನ್ನು ಸರಿಯಾಗಿ ಅಳೆಯುವ ಪಾರ್ ಮೀಟರ್ ದುಬಾರಿ. ಬಳಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ಒಂದು ಸಂಜೆಗೆ ಎರವಲು ತನ್ನಿ, ಅಷ್ಟು ಸಾಕು.

ರೆಡಿಮೇಡ್ ದೀಪ ಕೊಳ್ಳುವವರು ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ಮೋಸಹೋಗಬಾರದು. ‘165 ವ್ಯಾಟ್’ ಎಂದು ಬರುವ ಕಪ್ಪು ಪೆಟ್ಟಿಗೆ ದೀಪಗಳಲ್ಲಿ 3 ವ್ಯಾಟಿನ 55 ಎಲ್‌ಇಡಿ ಎಂದು ಗುಣಿಸಿ ಬರೆದಿರುತ್ತಾರೆ. ನಿಜಕ್ಕೂ ಎಳೆಯುವ ಕರೆಂಟ್ ಅದಕ್ಕಿಂತ ತುಂಬಾ ಕಡಿಮೆ. ಸಾಫ್ಟ್ ಕೋರಲ್‌ಗೆ ಅಷ್ಟೂ ಹೆಚ್ಚೇ ಅನ್ನಿ. ನೀಲಿ, ಬಿಳಿ ಎರಡನ್ನೂ ಬೇರೆಬೇರೆಯಾಗಿ ಡಿಮ್ ಮಾಡಲು ಬರುತ್ತದೆಯೇ, ಫ್ಯಾನ್ ಕೆಟ್ಟರೆ ಬದಲಿಸಬಹುದೇ, ಇವೆರಡನ್ನು ಕೇಳಿ ಕೊಳ್ಳಿ.

ಕೈಯಾರೆ ಮಾಡುವುದಾದರೆ, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕಿಗೆ (ಸುಮಾರು 180 ಲೀಟರ್) 25 ಎಲ್‌ಇಡಿ ಸಾಕು. ಒಂದರ ಹಿಂದೊಂದು ತಂತಿಯಲ್ಲಿ ಪೋಣಿಸಿ ಮೂರು ಸಾಲು ಮಾಡಿ (ಇದು ವೈರಿಂಗಿನ ಸಾಲು, ಕೂರಿಸುವ ಜಾಗದ್ದಲ್ಲ). ಮೊದಲನೆಯದರಲ್ಲಿ 450 ನ್ಯಾನೋಮೀಟರ್‌ನ ರಾಯಲ್ ಬ್ಲೂ 10. ಎರಡನೆಯದರಲ್ಲಿ 470ರ ನೀಲಿ 5, 420ರ ನೇರಳೆ 4. ಮೂರನೆಯದರಲ್ಲಿ 6500 ಕೆಲ್ವಿನ್ ಬಿಳಿ 6. ಬಿಳಿ ನಮ್ಮ ಕಣ್ಣಿಗಾಗಿ, ಹೆಚ್ಚು ಹಾಕಿದಷ್ಟೂ ಗಾಜಿನ ಮೇಲೆ ಪಾಚಿ ಒರೆಸುವ ಕೆಲಸ ಹೆಚ್ಚು.

ಎಲ್ಲರೂ ಎಡವುವುದು ವೋಲ್ಟೇಜ್ ಲೆಕ್ಕದಲ್ಲಿ. 700 ಮಿಲಿಆಂಪಿಯರ್‌ನಲ್ಲಿ ನೀಲಿ ಮತ್ತು ಬಿಳಿ ಎಲ್‌ಇಡಿ ಸುಮಾರು 3.2 ವೋಲ್ಟ್ ತಿನ್ನುತ್ತದೆ, ನೇರಳೆ 3.5. ಆಗ ಮೊದಲ ಸಾಲಿಗೆ 32 ವೋಲ್ಟ್, ಎರಡನೆಯದಕ್ಕೆ 16 ಮತ್ತು 14 ಸೇರಿ 30, ಮೂರನೆಯದಕ್ಕೆ 19.2. ಸಾಲಿಗೆ ಒಂದೇ ಸಮನೆ 700 ಮಿಲಿಆಂಪಿಯರ್ ಕೊಡುವ ಮೀನ್‌ವೆಲ್ ಎಲ್‌ಡಿಡಿ-700ಎಚ್ ಡ್ರೈವರ್ ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ಒಳಗೆ ಹೋಗುವ ವೋಲ್ಟೇಜ್ ಸಾಲಿನದಕ್ಕಿಂತ 3 ವೋಲ್ಟ್‌ನಷ್ಟು ಹೆಚ್ಚಿರಬೇಕು. 32ಕ್ಕೆ 3 ಕೂಡಿಸಿದರೆ 35, ಹಾಗಾಗಿ 36 ವೋಲ್ಟ್ ಪವರ್ ಸಪ್ಲೈ ಸರಿ. ಇನ್ನೆರಡು ಇರಲಿ ಎಂದು ಸಾಲಿಗೆ 12 ಎಲ್‌ಇಡಿ ಪೋಣಿಸಿದರೆ 38.4 ವೋಲ್ಟ್ ಬೇಕಾಗುತ್ತದೆ. ಆಗ ದೀಪ ಮಂಕಾಗುತ್ತದೆ, ಇಲ್ಲವೇ ಮಿನುಗುತ್ತದೆ. ಡ್ರೈವರ್ ಕೆಟ್ಟಿದೆ ಎಂದುಕೊಂಡು ಹೊಸದು ತಂದರೂ ಅದೇ ಕಥೆ.

ಮೂರೂ ಸಾಲು ಸೇರಿ ಸುಮಾರು 57 ವ್ಯಾಟ್. 36 ವೋಲ್ಟ್, 2.8 ಆಂಪಿಯರ್‌ನ 100 ವ್ಯಾಟ್ ಸಪ್ಲೈ ಹಾಕಿದರೆ ಅದು ಬಿಸಿಯಾಗದೆ ಬಾಳುತ್ತದೆ. ಸಾಲಿಗೊಂದರಂತೆ ಮೂರು ಡ್ರೈವರ್. ಮೂರರ ಎಲ್‌ಇಡಿ ಮೈನಸ್ ತಂತಿಗಳನ್ನು ಒಟ್ಟಿಗೆ ಕಟ್ಟಬೇಡಿ, ಸಪ್ಲೈಯ ಮೈನಸ್‌ಗೂ ಸೇರಿಸಬೇಡಿ. ಇನ್‌ಪುಟ್ ಪ್ಲಸ್ ಮೈನಸ್ ತಿರುಗುಮುರುಗಾದರೆ ಡ್ರೈವರ್ ಆ ಕ್ಷಣವೇ ಹೋಗುತ್ತದೆ. ಕರೆಂಟ್ ಇರುವಾಗ ಎಲ್‌ಇಡಿ ತಂತಿ ಸಿಕ್ಕಿಸಿದರೆ ಎಲ್‌ಇಡಿ ಹೋಗುತ್ತದೆ. ಡಿಮ್ ಮಾಡಲು ಇಎಸ್‌ಪಿ32 ಎಂಬ ಸಣ್ಣ ಕಂಟ್ರೋಲರ್ ಬೋರ್ಡಿನ 3.3 ವೋಲ್ಟ್ ಸಾಕು, ಫ್ರೀಕ್ವೆನ್ಸಿ 500 ಹರ್ಟ್ಸ್ ಇಡಿ. ಬೋರ್ಡಿನ ಗ್ರೌಂಡ್ ಮಾತ್ರ 36 ವೋಲ್ಟಿನ ಮೈನಸ್‌ಗೆ ಸೇರಲೇಬೇಕು. ಡಿಮ್ ತಂತಿ ಕಳಚಿಕೊಂಡರೆ ಈ ಡ್ರೈವರ್ ಪೂರ್ತಿ ಬೆಳಕು ಕೊಡುತ್ತದೆ, ಆರುವುದಿಲ್ಲ. ಅದಕ್ಕೆಂದೇ ಗೋಡೆಯ ಪ್ಲಗ್ಗಿಗೆ ಒಂದು ಸಾದಾ ಟೈಮರ್ ಹಾಕಿ, ರಾತ್ರಿಯಾದರೂ ದೀಪ ಆರುತ್ತದೆ.

ಬಿಡಿಭಾಗಗಳಿಗೆ ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ, ಸ್ವಿಚ್ಚು ವೈರಿಗೆ ಲೋಹಾರ್ ಚಾಳ್. ಎಲ್‌ಇಡಿಯನ್ನು ಸ್ಟಾರ್ ಬೋರ್ಡ್ (ನಕ್ಷತ್ರದಾಕಾರದ ಪುಟ್ಟ ಲೋಹದ ಬಿಲ್ಲೆ) ಮೇಲೆ ಕೂರಿಸಿದ್ದೇ ತನ್ನಿ. ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಬಿಗಿಯುವ ಮೊದಲೇ, ತಂತಿ ಬೆಸೆಯುವ ಪ್ಯಾಡಿಗೆ ಬೆಸುಗೆಯ ಸೀಸ ಹತ್ತಿಸಿಕೊಳ್ಳಿ. ಬಿಗಿದ ಮೇಲೆ ಅಲ್ಯೂಮಿನಿಯಂ ಬಿಸಿಯನ್ನೆಲ್ಲ ಹೀರಿಕೊಂಡು, 25 ವ್ಯಾಟಿನ ಐರನ್‌ನಲ್ಲಿ ಸೀಸ ಕರಗದೆ ಉಂಡೆಯಾಗಿ ಕೂರುತ್ತದೆ. 60 ವ್ಯಾಟಿನದು ಬೇಕು. ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ, ಸ್ಕ್ರೂ ತಲೆಯಡಿ ನೈಲಾನ್ ವಾಷರ್ ಹಾಕಿ. ನಂತರ ಪ್ರತಿ ಪ್ಯಾಡಿಗೂ ಹೀಟ್‌ಸಿಂಕಿಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಬೀಪ್ ಅಂದರೆ ಸ್ಕ್ರೂ ಪ್ಯಾಡಿಗೆ ತಾಗಿದೆ ಎಂದರ್ಥ. ಒಂದೇ ಬಣ್ಣದವನ್ನು ಗುಂಪಾಗಿ ಇಟ್ಟರೆ ಮರಳಿನ ಮೇಲೆ ಬಣ್ಣದ ಪಟ್ಟೆ ಬೀಳುತ್ತದೆ, ಬೆರೆಸಿ ಹರಡಿ. ಒಂದೂವರೆ ಅಡಿ ಆಳಕ್ಕೆ ಲೆನ್ಸ್ ಬೇಡ, ನೀರಿನಿಂದ 20–25 ಸೆಂಟಿಮೀಟರ್ ಮೇಲೆ ತೂಗುಹಾಕಿದರೆ ಆಯಿತು.

ಇನ್ನು ಮುಂಬೈಯ ಬಿಸಿ ಮತ್ತು ಉಪ್ಪು. ಮೇ ತಿಂಗಳಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಮುಚ್ಚಿದ ಹುಡ್ ಒಳಗೆ ದೀಪ ಇಟ್ಟರೆ ನೀರು ಕಾಯುತ್ತದೆ. ಮೇಲ್ಭಾಗ ತೆರೆದೇ ಇರಲಿ. ಮಳೆಗಾಲದ ತೇವಕ್ಕೆ ನೀರು ಸರಿಯಾಗಿ ಆವಿಯಾಗದು, ನೀರಿನ ಮೇಲೆ ಗಾಳಿ ಹಾಯಿಸುವ ಫ್ಯಾನ್ ಆಗ ಅಷ್ಟಾಗಿ ತಣಿಸುವುದಿಲ್ಲ. ದೀಪದ ಸಮಯವನ್ನು ಮಧ್ಯಾಹ್ನ 2ರಿಂದ ರಾತ್ರಿ 11ಕ್ಕೆ ಸರಿಸಿದರೆ ನಡುಹಗಲಿನ ಬಿಸಿಯ ಮೇಲೆ ದೀಪದ ಬಿಸಿ ಅಷ್ಟಾಗಿ ಕೂಡುವುದಿಲ್ಲ, ಮನೆಯವರು ನೋಡುವ ಹೊತ್ತೂ ಅದೇ. ಹೀಟ್‌ಸಿಂಕ್ ಒಂದು ಗಂಟೆಯ ನಂತರ 55 ಡಿಗ್ರಿ ದಾಟಬಾರದು. 36 ವೋಲ್ಟ್ ದಾರಿಯಲ್ಲಿ 60 ಡಿಗ್ರಿಗೆ ಕಡಿತವಾಗುವ ಥರ್ಮಲ್ ಸ್ವಿಚ್ ಇರಲಿ, ಹೀಟ್‌ಸಿಂಕಿನ ಫ್ಯಾನ್ ನಿಂತ ದಿನ ಅದು ದೀಪವನ್ನು ಕಾಪಾಡುತ್ತದೆ.

ಹೀಟ್‌ಸಿಂಕಿನ ಫ್ಯಾನ್ ಮೇಲಿನಿಂದ ಒಣಗಾಳಿ ಎಳೆದು ಕೆಳಗೆ ಊದಲಿ. ನೀರಿನ ಕಡೆಯಿಂದ ಎಳೆದರೆ ಉಪ್ಪಿನ ಹನಿ ಬೇರಿಂಗಿಗೆ ಹೋಗುತ್ತದೆ. ಬೆಸುಗೆಯ ಮೇಲೆಲ್ಲ ತೇವ ತಡೆಯುವ ಅಕ್ರಿಲಿಕ್ ಕಾನ್ಫಾರ್ಮಲ್ ಕೋಟಿಂಗ್ ಹಚ್ಚಿ, ಎಲ್‌ಇಡಿಯ ಗುಮ್ಮಟಕ್ಕೆ ತಾಗದಂತೆ. ಎಲ್‌ಇಡಿಗಳ ಕೆಳಗೆ 3 ಮಿಲಿಮೀಟರ್ ಪಾರದರ್ಶಕ ಅಕ್ರಿಲಿಕ್ ಹಾಳೆ ಕಟ್ಟಿ. ಸಪ್ಲೈಯನ್ನು ಮರದ ಕ್ಯಾಬಿನೆಟ್ಟಿನೊಳಗೆ ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಪಕ್ಕ ಇಡಲೇಬೇಡಿ. ಅಲ್ಲಿನ ಉಪ್ಪು ತೇವ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿಸುತ್ತದೆ. ಗೋಡೆಗೆ ಎತ್ತರದಲ್ಲಿ ಬಿಗಿಯಿರಿ, ತಂತಿ ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋಲಿ ಮೇಲೇರಲಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಕಡಿತ ಮಾಡುವ ಸ್ವಿಚ್) ಇಲ್ಲದೆ ಟ್ಯಾಂಕಿಗೆ ಕರೆಂಟ್ ಕೊಡಬೇಡಿ, ಇದರಲ್ಲಿ ರಾಜಿಯೇ ಇಲ್ಲ.

ಹೊಸ ದೀಪವನ್ನು ಶೇ 30ರಿಂದ ಶುರು ಮಾಡಿ, ವಾರಕ್ಕೆ ಶೇ 5ರಂತೆ ಏರಿಸಿ. ನೀಲಿ ಒಂಬತ್ತು ಗಂಟೆ, ಬಿಳಿ ನಡುವಿನ ಆರು ಗಂಟೆ ಮಾತ್ರ. ಹವಳದ ತುದಿ ಬಿಳಿಚಿ ಮೈ ಮುದುಡಿದರೆ ಶೇ 10 ಇಳಿಸಿ ಎರಡು ವಾರ ಕಾಯಿರಿ. ಝೋವಾ ಕತ್ತು ಉದ್ದ ಮಾಡಿಕೊಂಡು ಮೇಲಕ್ಕೆ ಚಾಚಿದರೆ ಬೆಳಕು ಸಾಲದು, ಆದರೆ ದೀಪ ಏರಿಸುವ ಮೊದಲು ಅದನ್ನು ಒಂದು ಕಲ್ಲಿನಷ್ಟು ಎತ್ತರಕ್ಕೆ ಸರಿಸಿ ನೋಡಿ. ವಾರಕ್ಕೊಮ್ಮೆ ಅಕ್ರಿಲಿಕ್ ಹಾಳೆಯನ್ನು ಆರ್‌ಒ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ವಾರಗಟ್ಟಲೆ ಒರೆಸದೆ ಉಪ್ಪು ಕಟ್ಟಿಸಿ, ಒಂದು ದಿನ ಪೂರ್ತಿ ತೊಳೆದರೆ ಬೆಳಕು ಒಮ್ಮೆಲೇ ಏರುತ್ತದೆ. ಹಾಗೆ ತೊಳೆದ ದಿನ ದೀಪವನ್ನು ಶೇ 10 ಇಳಿಸಿ, ಮುಂದಿನ ವಾರ ಮತ್ತೆ ಏರಿಸಿ.