ಆ ನಾಯಿ ಎಲ್ಲಿ ಬೊಗಳಿತು? ‘ಅಮ್ಯೂಸ್ಡ್ ಟು ಡೆತ್’ ಮತ್ತೆ ಕೇಳುವವರಿಗೆ ಆಡಿಯೊ ಕೋಣೆಯಿಂದ

‘ಇಷ್ಟು ಒಳ್ಳೆಯ ಆಲ್ಬಂ ಆಗ ಯಾಕೆ ಯಾರ ಕಿವಿಗೂ ಬೀಳಲಿಲ್ಲ?’ ಎಂದು ಅಭಿಮಾನಿಯೊಬ್ಬರು ಕೇಳಿದರೆ, ಹಳೆಯ ಆಲ್ಬಂಗಳ ಬೇರೆ ಬೇರೆ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ನಮ್ಮ ಕಸುಬಿನವರು ತಿರುಗಿ ಕೇಳುವುದು ಇಷ್ಟೇ: ನೀವು ಕೇಳಿದ್ದು ಯಾವುದನ್ನು, ಎಲ್ಲಿ ಕೂತು? ಪ್ರಶ್ನೆ ಒರಟು ಅನ್ನಿಸಬಹುದು. ಆದರೆ ಬದಲಾಗಿದ್ದು ಕೇಳುಗರೋ, ಡಿಸ್ಕೋ, ಕೋಣೆಯೋ ಎಂದು ಬಿಡಿಸಿ ನೋಡದೆ ಬರೆದ ಟಿಪ್ಪಣಿ ಮರುದಿನಕ್ಕೇ ಹಳಸುತ್ತದೆ.

ರೋಜರ್ ವಾಟರ್ಸ್ ಅವರ ‘ಅಮ್ಯೂಸ್ಡ್ ಟು ಡೆತ್’ ಈ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. 1985ರಲ್ಲಿ ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್ ಬಿಟ್ಟ ವಾಟರ್ಸ್, 1984 ಮತ್ತು 1987ರ ಎರಡು ಸೋಲೋ ಆಲ್ಬಂಗಳ ನಂತರ 1992ರ ಸೆಪ್ಟೆಂಬರಿನಲ್ಲಿ ತಂದದ್ದು ಇದು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ಕ್ಕೆ, ಅಮೆರಿಕದಲ್ಲಿ 21ಕ್ಕೆ ಏರಿತು; ತೀರಾ ಸೋತಿತು ಅನ್ನುವ ಹಾಗಿಲ್ಲ. ಆದರೆ ಇದರ ಹಿಂದೆ ಸಂಗೀತ ಪ್ರವಾಸ ಇರಲಿಲ್ಲ, ರೇಡಿಯೊದವರಿಗೆ ಆಗ ಸಿಯಾಟಲ್‌ನ ಗಿಟಾರುಗಳ ಗುಂಗು, ಮತ್ತು ಆಲ್ಬಂ 72 ನಿಮಿಷ ಉದ್ದ. ವಾಟರ್ಸ್ ಅವರ ಮುಂದಿನ ರಾಕ್ ಸ್ಟುಡಿಯೊ ಆಲ್ಬಂ ಬಂದದ್ದು 2017ರಲ್ಲಿ, 25 ವರ್ಷ ಕಳೆದ ಮೇಲೆ. ನಡುವೆ 2015ರಲ್ಲಿ ಸೌಂಡ್ ಎಂಜಿನಿಯರ್ ಜೇಮ್ಸ್ ಗತ್ರಿ ಇದನ್ನು ಹೊಸದಾಗಿ ಮಿಕ್ಸ್ ಮಾಡಿದರು, ಸ್ಟೀರಿಯೊ ಮತ್ತು 5.1 (ಕೇಳುಗರ ಸುತ್ತಲೂ ಐದು ಸ್ಪೀಕರು, ಬಾಸ್‌ಗೆ ಇನ್ನೊಂದು) ಎರಡರಲ್ಲೂ. ಆ 5.1 ಮಿಕ್ಸ್‌ಗೆ 2016ರಲ್ಲಿ ಸರೌಂಡ್ ವಿಭಾಗದ ಗ್ರ್ಯಾಮಿ ಸಿಕ್ಕಿತು. ಅಭಿಮಾನಿಗಳ ಮರುಮೌಲ್ಯಮಾಪನದ ದೊಡ್ಡ ಪಾಲು ಇದರ ನಂತರದ್ದು. ಅಲ್ಲೇ ಗೊಂದಲವೂ ಶುರು.

ರೀಮಾಸ್ಟರ್, ರೀಮಿಕ್ಸ್ ಎರಡೂ ಒಂದೇ ಎಂದುಕೊಂಡವರು ಬಹಳ. ರೀಮಾಸ್ಟರ್ ಅಂದರೆ ಮುಗಿದು ಕೂತ ಎರಡು ಚಾನೆಲ್ಲಿನ ಟೇಪಿಗೆ ಬಣ್ಣ ತಿದ್ದುವುದು: ಬಾಸ್ ಒಂದಿಷ್ಟು, ಒಟ್ಟು ಸದ್ದಿನ ಮಟ್ಟ ಒಂದಿಷ್ಟು. ಹಾಡುಗಾರನ ದನಿಯೊಂದನ್ನೇ ಹಿಂದಕ್ಕೆ ಸರಿಸಲು ಅಲ್ಲಿ ಸಾಧ್ಯವಿಲ್ಲ. ರೀಮಿಕ್ಸ್ ಮಾಡುವವರು ಪ್ರತಿ ವಾದ್ಯ, ಪ್ರತಿ ದನಿ ಬೇರೆ ಬೇರೆಯಾಗಿ ದಾಖಲಾದ ಮಲ್ಟಿಟ್ರ್ಯಾಕ್ ಟೇಪಿಗೇ ಹೋಗುತ್ತಾರೆ. ಡ್ರಮ್ಸ್, ಗಿಟಾರ್, ಟಿವಿಯ ಗೊಣಗು, ಮಳೆಯ ಸದ್ದು ಎಲ್ಲಕ್ಕೂ ಬೇರೆ ಬೇರೆ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ. 2015ರದ್ದು ಎರಡನೆಯ ಜಾತಿ. ಹಾಗಾಗಿ ‘ಈಗ ಜೆಫ್ ಬೆಕ್ ಗಿಟಾರ್ ಇನ್ನೂ ಸ್ಪಷ್ಟ’ (ಈ ಆಲ್ಬಂನಲ್ಲಿ ಗಿಟಾರ್ ನುಡಿಸಿದವರು ಅವರು) ಎಂದು ಯಾರಾದರೂ ಬರೆದರೆ ಅದು ಭ್ರಮೆ ಇರಲಾರದು, ಆದರೆ ಅದು 1992ರ ಆಲ್ಬಂ ಬಗ್ಗೆ ಹೇಳಿದ ಮಾತೂ ಅಲ್ಲ.

ಯಾವುದು ಯಾವುದು ಎಂದು ಗುರುತಿಸುವುದು ಸುಲಭ. ಮುಖಪುಟದಲ್ಲಿ ವಾನರವೊಂದು ಟಿವಿ ಪರದೆಯ ಮುಂದೆ ಕೂತಿದ್ದು, ಪರದೆಯಲ್ಲಿ ದೊಡ್ಡದೊಂದು ಕಣ್ಣಿದ್ದರೆ 1992ರದ್ದು. ವಾನರದ ಜಾಗದಲ್ಲಿ ಪುಟ್ಟ ಮಗು ಇದ್ದರೆ 2015ರದ್ದು. ಫೈಲುಗಳಿಗೆ ತಪ್ಪು ಚಿತ್ರ ಅಂಟಿಕೊಂಡಿರುವುದು ಮಾಮೂಲು, ಆದ್ದರಿಂದ ಕಿವಿಯ ಗುರುತೂ ಬೇಕು: ‘ಪರ್ಫೆಕ್ಟ್ ಸೆನ್ಸ್’ ಮೊದಲ ಭಾಗ ಹಾಕಿ. ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಹ್ಯಾಲ್ ಎಂಬ ಕಂಪ್ಯೂಟರಿನ ದನಿಯನ್ನು ವಾಟರ್ಸ್ ಬಳಸಬೇಕೆಂದಿದ್ದರು, ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಒಪ್ಪಲಿಲ್ಲ. 1992ರ ಡಿಸ್ಕಿನಲ್ಲಿ ಅದರ ಬದಲು ಹಿಂದುಮುಂದಾಗಿ ಓಡುವ ಮಾತೊಂದಿದೆ. ತಿರುಗಿಸಿ ಕೇಳಿದರೆ ಸ್ಟ್ಯಾನ್ಲಿ ಎಂಬ ಹೆಸರು ಹಿಡಿದೇ ಚುಚ್ಚಿದ್ದು. 2015ರ ಮಿಕ್ಸ್‌ನಲ್ಲಿ ಹ್ಯಾಲ್‌ನ ದನಿಯೇ ಇದೆ. ಹ್ಯಾಲ್ ಕೇಳಿಸಿದರೆ ಹೊಸದು, ಅಷ್ಟೇ.

ಇನ್ನು ನಾಯಿಯ ವಿಷಯ. ಇದರಲ್ಲಿ ಕೆಲಸ ಜಾಸ್ತಿ.

ಮೊದಲ ಟ್ರ್ಯಾಕ್ ‘ದ ಬ್ಯಾಲಡ್ ಆಫ್ ಬಿಲ್ ಹಬರ್ಡ್’ ತೆರೆಯುವಾಗ ದೂರದಲ್ಲಿ ನಾಯಿಯೊಂದು ಬೊಗಳುತ್ತದೆ. ಎಲ್ಲ ಸರಿ ಜೋಡಿಸಿದ ಕೋಣೆಯಲ್ಲಿ ಅದು ಸ್ಪೀಕರಿನಿಂದ ಬರುವುದಿಲ್ಲ. ಸ್ಪೀಕರ್ ದಾಟಿ, ಗೋಡೆ ದಾಟಿ, ಪಕ್ಕದ ಮನೆಯ ಕಾಂಪೌಂಡಿನಿಂದ ಬಂದ ಹಾಗಿರುತ್ತದೆ. ಮನೆಯ ನಿಜವಾದ ನಾಯಿ ಎದ್ದು ಕಿವಿ ನಿಮಿರಿಸಿದರೆ ಜೋಡಣೆ ಪಾಸು. 1992ರ ಮಿಕ್ಸ್‌ನಲ್ಲಿ ಇದನ್ನು ಸಾಧಿಸಿದ್ದು ಕ್ಯೂಸೌಂಡ್ ಎಂಬ ಕೆನಡಾದ ತಂತ್ರ. ಮಡೋನಾ ಅವರ 1990ರ ಹಿಟ್ಸ್ ಸಂಗ್ರಹದಲ್ಲೂ, ಸ್ಟಿಂಗ್ ಅವರ 1991ರ ಆಲ್ಬಂನಲ್ಲೂ ಇದೇ ಇತ್ತು. ಎರಡೇ ಸ್ಪೀಕರಿನಲ್ಲಿ ಸುತ್ತಲಿನ ಜಾಗ ತೋರಿಸುವ ಯತ್ನ: ಒಂದೇ ಸದ್ದನ್ನು ಎರಡೂ ಚಾನೆಲ್ಲಿಗೆ ಕಳಿಸಿ, ಸ್ವರದ ಎತ್ತರಕ್ಕೆ ತಕ್ಕಂತೆ ಒಂದರ ಮಟ್ಟವನ್ನೂ ಫೇಸನ್ನೂ (ಸದ್ದಿನ ಅಲೆ ಏರಿಳಿಯುವ ಹೊತ್ತನ್ನು) ಚೂರುಚೂರು ಬದಲಿಸುವುದು. ಕಿವಿ ಮೋಸಹೋಗುತ್ತದೆ.

ಮೋಸ ನಿಂತಿರುವುದು ಬಹಳ ಸಣ್ಣ ಅಳತೆಯ ಮೇಲೆ. ಎಡ ಸ್ಪೀಕರಿನ ಸದ್ದು ಎಡಗಿವಿಗೆ ತಲುಪಿ, ತಲೆ ಬಳಸಿ ಬಲಗಿವಿಗೆ ಬರುವಷ್ಟರಲ್ಲಿ ಸುಮಾರು 250 ಮೈಕ್ರೊಸೆಕೆಂಡ್ ತಡವಾಗುತ್ತದೆ. ಗಾಳಿಯಲ್ಲಿ ಸದ್ದು 1 ಸೆಂಟಿಮೀಟರ್ ಸಾಗಲು 29 ಮೈಕ್ರೊಸೆಕೆಂಡ್ ಬೇಕು. ಅಂದರೆ ಒಂದು ಸ್ಪೀಕರ್ ಇನ್ನೊಂದಕ್ಕಿಂತ 5 ಸೆಂಟಿಮೀಟರ್ ಹತ್ತಿರ ಇದ್ದರೆ ಆ ತಡದ ಅರ್ಧಕ್ಕಿಂತ ಹೆಚ್ಚು ನುಂಗಿಹೋಯಿತು. ಸೋಫಾದಲ್ಲಿ ತುಸು ಪಕ್ಕಕ್ಕೆ ವಾಲಿ ಕೂತರೂ ಇದೇ ಕತೆ. ನಾಯಿ ಬಂದು ಸ್ಪೀಕರಿನೊಳಗೆ ಕೂರುತ್ತದೆ.

ಹಾಗಾಗಿ ಅಳತೆ ಟೇಪು ಹಿಡಿದೇ ಅಳೆಯಬೇಕು, ಕಣ್ಣಂದಾಜು ಸಾಲದು. ಎರಡು ಸ್ಪೀಕರುಗಳ ನಡುವೆ 2 ಮೀಟರ್, ಪ್ರತಿ ಸ್ಪೀಕರಿನ ಟ್ವೀಟರಿನಿಂದ (ಮೇಲಿನ ಸ್ವರಗಳಿಗಿರುವ ಪುಟ್ಟ ಸ್ಪೀಕರ್) ಕೂರುವ ಜಾಗದಲ್ಲಿ ಮೂಗು ಇರುವಲ್ಲಿಗೆ 2 ಮೀಟರ್, ವ್ಯತ್ಯಾಸ 1 ಸೆಂಟಿಮೀಟರಿನೊಳಗೆ. ಟ್ವೀಟರ್ ಕಿವಿಯ ಎತ್ತರಕ್ಕೆ. ಸ್ಪೀಕರಿನ ಹಿಂದಿನ ಗೋಡೆಗೆ ಅರ್ಧ ಮೀಟರಾದರೂ ಬಿಡಿ. ಆಮೇಲೆ ವೈರ್ ನೋಡಿ: ಒಂದು ಸ್ಪೀಕರಿನ ಕೆಂಪು-ಕಪ್ಪು ಅದಲುಬದಲಾಗಿದ್ದರೆ ಬಾಸ್ ಬತ್ತುತ್ತದೆ, ನಡುವೆ ನಿಲ್ಲಬೇಕಾದ ಹಾಡುಗಾರ ಕೋಣೆ ತುಂಬ ಹರಡಿಕೊಳ್ಳುತ್ತಾನೆ. ‘ಅಬ್ಬಾ, ಎಷ್ಟು ವಿಶಾಲವಾಗಿದೆ’ ಎಂದು ಹೊಗಳಿಸಿಕೊಳ್ಳುವ ದೋಷ ಇದು; ಹಿಡಿಯುವುದು ಅದಕ್ಕೇ ಕಷ್ಟ. ಎರಡು ಚಾನೆಲ್ಲನ್ನೂ ಒಂದು ಮಾಡುವ ಮೋನೊ ಗುಂಡಿ ಒತ್ತಿ ಯಾವುದಾದರೂ ಸುದ್ದಿ ಓದುವವರ ದನಿ ಕೇಳಿ. ಎರಡು ಸ್ಪೀಕರಿನ ಸರಿಯಾದ ನಡುವೆ ಒಂದು ಬಾಯಿ ಕಾಣಬೇಕು.

ನಮ್ಮ ಮನೆಗಳ ಕಾಟ ಬೇರೆಯೇ. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಶೋಕೇಸು. ಪಕ್ಕದ ಗೋಡೆಗೆ ಬಡಿದ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ಕಿವಿಗೆ ಬಂದು, ಮಿಕ್ಸ್ ಮಾಡಿದವರು ಜೋಡಿಸಿಟ್ಟ ಫೇಸನ್ನು ಕಲಸಿಬಿಡುತ್ತದೆ. ಕೂತಲ್ಲೇ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಟ್ವೀಟರ್ ಕಾಣಿಸಿದ ಜಾಗವೇ ಕಳ್ಳ. ಅಲ್ಲಿ ದಪ್ಪ ಕಂಬಳಿ ನೇತುಹಾಕಿ ಅಥವಾ ಪುಸ್ತಕದ ಕಪಾಟು ತಂದಿಡಿ. ನೆಲಕ್ಕೆ ಜಮಖಾನ, ಸಾಧ್ಯವಾದರೆ ಎರಡು ಪದರ. ತೆಳ್ಳನೆ ಪರದೆಯಿಂದ ಮೇಲಿನ ಸ್ವರಗಳಷ್ಟೇ ಸಾಯುತ್ತವೆ. ಕೋಣೆ ಮಂಕಾಗುತ್ತದೆ, ನಾಯಿ ಮಾತ್ರ ಅಲ್ಲಾಡುವುದಿಲ್ಲ.

ಹೆಡ್‌ಫೋನ್‌ನಲ್ಲಿ ಕೇಳಿ ‘ಕ್ಯೂಸೌಂಡ್ ಬರೀ ಪ್ರಚಾರ’ ಎಂದು ಬರೆಯುವವರಿದ್ದಾರೆ. ಹೆಡ್‌ಫೋನ್‌ನಲ್ಲಿ ಎಡದ ಸದ್ದು ಬಲಗಿವಿಗೆ ಹೋಗುವುದೇ ಇಲ್ಲ, ಇಡೀ ಲೆಕ್ಕ ನಿಂತಿದ್ದೇ ಆ ದಾಟುವಿಕೆಯ ಮೇಲೆ. ಒಂದೇ ಪೆಟ್ಟಿಗೆಯ ಬ್ಲೂಟೂತ್ ಸ್ಪೀಕರಿನಲ್ಲಂತೂ ಎರಡು ಚಾನೆಲ್ ಕೂಡಿಕೊಂಡು ಫೇಸ್ ಬದಲಿಸಿದ ಸದ್ದುಗಳು ಒಂದಿಷ್ಟು ಪರಸ್ಪರ ಅಳಿಸಿಯೇ ಹೋಗುತ್ತವೆ. ಕಡಿಮೆ ಬಿಟ್‌ರೇಟಿನ, ಅಂದರೆ ಹೆಚ್ಚು ಹಿಂಡಿ ಚಿಕ್ಕದು ಮಾಡಿದ ಎಂಪಿ3 ಕೂಡ ಹಾಗೇ. ಜಾಗ ಉಳಿಸಲು ಎರಡು ಚಾನೆಲ್ಲಿನ ವ್ಯತ್ಯಾಸವನ್ನೇ ಮೊದಲು ಕತ್ತರಿಸುತ್ತದೆ. 5.1ರಲ್ಲಿ ಹಿಂದೆ ನಿಜವಾದ ಸ್ಪೀಕರುಗಳಿರುವುದರಿಂದ ಈ ನಾಜೂಕು ಬೇಕಿಲ್ಲ. ಒಬ್ಬರು 5.1ರಲ್ಲಿ, ಇನ್ನೊಬ್ಬರು ಇಯರ್‌ಬಡ್‌ನಲ್ಲಿ ಕೇಳಿ ಜಗಳಕ್ಕೆ ನಿಂತರೆ ಇಬ್ಬರೂ ಸರಿ.

ಈಗ ಎರಡು ಸ್ಟೀರಿಯೊ ಮಿಕ್ಸ್‌ಗಳನ್ನು ಹೋಲಿಸುವುದು. ಇದರಲ್ಲಿ ಎಲ್ಲರೂ ಮುಗ್ಗರಿಸುವ ಕಲ್ಲು ಒಂದೇ, ಸದ್ದಿನ ಮಟ್ಟ. ಒಂದು ಡೆಸಿಬಲ್ ಜೋರಾಗಿರುವುದನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನ’ ಎಂದು ಗುರುತಿಸುತ್ತದೆ. ಒಂದೇ ಹಾಡಿನ ಎರಡು ಫೈಲುಗಳ ಸರಾಸರಿ ಮಟ್ಟವನ್ನು ಕಿವಿಗೆ ಅನ್ನಿಸುವ ಜೋರನ್ನು ಅಳೆಯುವ ಎಲ್‌ಯುಎಫ್‌ಎಸ್ ಮೀಟರಿನಲ್ಲಿ ಅಳೆದು, 0.2 ಡೆಸಿಬಲ್‌ನೊಳಗೆ ಸಮ ಮಾಡಿ. ಜೋರಿನದನ್ನೇ ಇಳಿಸಿ; ಮೆಲ್ಲನೆಯದನ್ನು ಏರಿಸಲು ಹೋದರೆ ಅದರ ಶಿಖರಗಳು ಮಿತಿಗೆ ತಲೆ ಬಡಿದುಕೊಂಡು ಸದ್ದು ಒಡೆಯುತ್ತದೆ. ಆಮೇಲೆ 20ರಿಂದ 30 ಸೆಕೆಂಡಿನ ತುಣುಕು ಆರಿಸಿ, ಯಾವುದು ಯಾವುದೆಂದು ತಿಳಿಯದ ಹಾಗೆ ಇನ್ನೊಬ್ಬರಿಂದ ಬದಲಿಸಿ ಕೇಳಿ. ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಇನ್ನೊಂದಕ್ಕೆ ಕೂಡಿಸಿ ನಿಶ್ಶಬ್ದ ಬರುತ್ತದೋ ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಅದು ಒಂದೇ ಮಾಸ್ಟರಿನ ಎರಡು ನಕಲುಗಳಿಗೆ ಸರಿ. ಅಲ್ಲೂ ಒಂದು ಸ್ಯಾಂಪಲ್ (ಡಿಜಿಟಲ್ ಸದ್ದಿನ ಅತಿ ಸಣ್ಣ ಚೂರು) ಆಚೀಚೆ ಆದರೆ ಮೇಲಿನ ಸ್ವರಗಳ ಸಿಳ್ಳು ಉಳಿದು, ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ.

ವಾಲ್ಯೂಮ್ ಎಲ್ಲಿಡಬೇಕು? ಈ ಆಲ್ಬಂ ತೆರೆಯುವುದೇ ಮೆಲುದನಿಯಲ್ಲಿ. ಮೊದಲ ಮಹಾಯುದ್ಧದ ಸೈನಿಕ ಆಲ್ಫ್ ರಝೆಲ್ ಅವರು ಗಾಯಗೊಂಡ ಜೊತೆಗಾರ ಬಿಲ್ ಹಬರ್ಡ್‌ನನ್ನು ರಣರಂಗದ ನಡುವೆ ಬಿಟ್ಟು ಬರಬೇಕಾಗಿ ಬಂದದ್ದನ್ನು ಹೇಳುತ್ತಾರೆ. ಆ ಮಾತು ಸರಿಯಾಗಿ ಕೇಳಿಸಲೆಂದು ವಾಲ್ಯೂಮ್ ಏರಿಸಿದವರು ‘ಲೇಟ್ ಹೋಮ್ ಟುನೈಟ್’ ಹಾಡಿನ ಸ್ಫೋಟಕ್ಕೆ ಬರುವಷ್ಟರಲ್ಲಿ ಟ್ವೀಟರ್ ಸುಟ್ಟುಕೊಂಡಿರುತ್ತಾರೆ. 1986ರಲ್ಲಿ ಅಮೆರಿಕ ಲಿಬಿಯಾದ ಮೇಲೆ ನಡೆಸಿದ ದಾಳಿಯ ಹಾಡು ಅದು, ಸ್ಫೋಟ ನಿಜಕ್ಕೂ ಸ್ಫೋಟವೇ. ಮೊದಲು ಆ ಜಾಗ ಹಾಕಿ, ಬೆಚ್ಚಿಬಿದ್ದರೂ ಸ್ಪೀಕರ್ ಗರಗರ ಅನ್ನದ ಮಟ್ಟಕ್ಕೆ ಗುಂಡಿ ತಿರುಗಿಸಿ, ಆಮೇಲೆ ಆರಂಭಕ್ಕೆ ಬನ್ನಿ. ರಝೆಲ್ ಅವರ ದನಿಗೆ ಕಿವಿಗೊಟ್ಟು ಬಾಗಬೇಕಾದರೆ ಮಟ್ಟ ಸರಿಯಾಗಿದೆ. ಪ್ಲೇಯರಿನಲ್ಲಿ ಒಂದೊಂದು ಹಾಡನ್ನೂ ಒಂದೇ ಮಟ್ಟಕ್ಕೆ ತರುವ ಸೌಲಭ್ಯ ಚಾಲೂ ಇದ್ದರೆ ಈ ಎತ್ತರ-ತಗ್ಗು ನೆಲಸಮ; ಅದನ್ನು ಆಫ್ ಮಾಡಿ ಅಥವಾ ‘ಆಲ್ಬಂ’ ಎಂಬ ಆಯ್ಕೆಗೆ ಬದಲಿಸಿ.

ಹಾಡುಗಳು ಒಂದರೊಳಗೊಂದು ಹರಿಯುವುದರಿಂದ ನಡುವೆ ಬಿರುಕು ಬಂದರೆ ಕೆಟ್ಟಿತು. ಎಂಪಿ3 ಮಾಡುವಾಗ ಪ್ರತಿ ಫೈಲಿನ ತಲೆಗೆ ಸಾವಿರ ಚಿಲ್ಲರೆ ಸ್ಯಾಂಪಲ್ ಖಾಲಿ ಜಾಗ ಸೇರಿಕೊಳ್ಳುತ್ತದೆ, ಅಂದರೆ ಸೆಕೆಂಡಿನ 40ರಲ್ಲಿ ಒಂದು ಪಾಲು. ಕೇಳಲು ಅಲ್ಪ, ಆದರೆ ಗುಡುಗಿನ ನಡುವೆ ಅದು ಚಾಕು ಹಾಕಿದ ಹಾಗೆ. ಬಿಡುವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್, ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಆಫ್.

ಬೆಂಗಳೂರಿನ ಕೇಳುಗರಿಗೆ ಮೂರನೆಯದೊಂದು ಆವೃತ್ತಿಯೂ ತಲೆಯಲ್ಲಿ ಕೂತಿರಬಹುದು. ‘ಇನ್ ದ ಫ್ಲೆಶ್’ ಪ್ರವಾಸದ ಭಾಗವಾಗಿ ವಾಟರ್ಸ್ 2002ರಲ್ಲಿ ಅರಮನೆ ಮೈದಾನದಲ್ಲಿ ಹಾಡಿದ್ದರು. ಅದೇ ಪ್ರವಾಸದ 2000ದ ಲೈವ್ ಆಲ್ಬಂನಲ್ಲಿ ‘ಪರ್ಫೆಕ್ಟ್ ಸೆನ್ಸ್’, ‘ಇಟ್ಸ್ ಎ ಮಿರಕಲ್’, ಶೀರ್ಷಿಕೆಯ ಹಾಡು ಎಲ್ಲ ಇವೆ. ಅಲ್ಲಿ ಜೆಫ್ ಬೆಕ್ ಇಲ್ಲ, ಗಿಟಾರ್ ಬೇರೆಯವರದ್ದು. ಲೈವ್ ಕೇಳಿ ಮನಸೋತು ಸ್ಟುಡಿಯೊ ಡಿಸ್ಕಿಗೆ ಬಂದವರಿಗೆ ಮೊದಲು ಅದು ತಣ್ಣಗಿದೆ ಅನ್ನಿಸಿದರೆ ಕಾರಣ ಇದೂ ಆಗಿರಬಹುದು. ಟಿಪ್ಪಣಿಯಲ್ಲಿ ‘ಮೊದಲು ಕೇಳಿದ್ದು’ ಎಂಬ ಕಲಂ ಬೇಕು ಅನ್ನುವುದು ಅದಕ್ಕೇ.

ಇಷ್ಟೆಲ್ಲ ಬೇರ್ಪಡಿಸಿದ ಮೇಲೆ ಉಳಿಯುವುದು ಹಾಡುಗಳು. ‘30 ವರ್ಷ ಮೊದಲೇ ಭವಿಷ್ಯ ನುಡಿದಿದ್ದರು’ ಎಂಬ ಹೊಗಳಿಕೆ ಈಗ ಸಸ್ತಾ. ಆಲ್ಬಂನ ಹೆಸರಿಗೆ ಸ್ಫೂರ್ತಿಯಾದ, ಟಿವಿ ಎಲ್ಲವನ್ನೂ ಮನರಂಜನೆ ಮಾಡುತ್ತದೆ ಎಂದ ನೀಲ್ ಪೋಸ್ಟ್‌ಮನ್ ಅವರ ಪುಸ್ತಕ 1985ರದ್ದು. ಕೊಲ್ಲಿ ಯುದ್ಧ ಟಿವಿಯಲ್ಲಿ ನೇರ ಪ್ರಸಾರವಾದದ್ದು 1991ರಲ್ಲಿ. ವಾಟರ್ಸ್ ಬರೆದದ್ದು ಅವತ್ತಿನ ಸುದ್ದಿಯನ್ನೇ. ಅದರ ಬದಲು ನಿರ್ದಿಷ್ಟವಾಗಿ ಬರೆಯಬಹುದಾದ್ದು ಬೇಕಾದಷ್ಟಿದೆ. ‘ಪರ್ಫೆಕ್ಟ್ ಸೆನ್ಸ್’ ಎರಡನೆಯ ಭಾಗದಲ್ಲಿ ಅಮೆರಿಕದ ಕ್ರೀಡಾ ವೀಕ್ಷಕ ವಿವರಣೆಗಾರ ಮಾರ್ವ್ ಆಲ್ಬರ್ಟ್ ಅವರೇ ಬಂದು ಯುದ್ಧವನ್ನು ಪಂದ್ಯದ ಹಾಗೆ ಬಣ್ಣಿಸುತ್ತಾರೆ. ಅದಕ್ಕೂ ಮುಂಚೆ ಗಾಯಕಿ ಪಿ. ಪಿ. ಆರ್ನಲ್ಡ್ ಅವರ ಗಂಟಲು. ‘ವಾಚಿಂಗ್ ಟಿವಿ’ಯಲ್ಲಿ ಚೀನಾದ ತಿಯಾನನ್ಮೆನ್ ಚೌಕದಲ್ಲಿ ಸತ್ತ ಹುಡುಗಿಗಾಗಿ ಈಗಲ್ಸ್ ತಂಡದ ಗಾಯಕ ಡಾನ್ ಹೆನ್ಲಿ ಜೊತೆಗೂಡುತ್ತಾರೆ. ‘ಇಟ್ಸ್ ಎ ಮಿರಕಲ್’ನಲ್ಲಿ ಡ್ರಮ್ಸ್ ಜೆಫ್ ಪೊರ್ಕಾರೊ ಅವರದ್ದು, ಆಲ್ಬಂ ಬರುವ ಮುಂಚಿನ ತಿಂಗಳು ತೀರಿಕೊಂಡರು. ಆ ನಿಧಾನ ಲಯ ಎಲ್ಲೂ ಅವಸರಪಡುವುದಿಲ್ಲ. ಬೆಕ್ ಅವರ ಗಿಟಾರ್ ಹಾಡುಗಾರ ಬಾಯಿ ಮುಚ್ಚಿದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ, ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಗಿಲ್ಮೋರ್ ಅವರ ಜಾಗ ತುಂಬಲು ಹೋಗುವುದೇ ಇಲ್ಲ. ದೋಷವನ್ನೂ ಬರೆಯಿರಿ: ‘ವಾಟ್ ಗಾಡ್ ವಾಂಟ್ಸ್’ ಮೂರು ಭಾಗಕ್ಕೆ ಹಿಗ್ಗಿಸುವಷ್ಟು ಸರಕಲ್ಲ, ಯಾವ ರೀಮಿಕ್ಸೂ ಅದನ್ನು ಚಿಕ್ಕದು ಮಾಡಿಲ್ಲ.

ಕೊನೆಗೊಂದು ಸೆಟ್ಟಿಂಗ್: ಹಾಡುಗಳ ಕ್ರಮ ಕಲಸುವ ಶಫಲ್. ರಝೆಲ್ ಅವರ ಕತೆ ಮೊದಲ ಟ್ರ್ಯಾಕಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಹಬರ್ಡ್‌ನ ಹೆಸರನ್ನು ಸ್ಮಾರಕದ ಗೋಡೆಯ ಮೇಲೆ ಅವರು ಎಷ್ಟೋ ದಶಕಗಳ ನಂತರ ಕಂಡ ಉಳಿದರ್ಧ ಬರುವುದು ಕೊನೆಯ ಟ್ರ್ಯಾಕಿನ ಕೊನೆಯಲ್ಲಿ. ಶಫಲ್ ಒತ್ತಿದ್ದರೆ ಆ ಮುದುಕ ಹೆಸರು ಕಂಡು ನಿರಾಳರಾಗುವುದು ಮೊದಲು ಕೇಳಿಸಿ, ಗೆಳೆಯನನ್ನು ಬಿಟ್ಟು ಬಂದದ್ದು ಆಮೇಲೆ ಕೇಳಿಸೀತು.