ಫೋರ್ಟ್ ಮೈಯರ್ಸ್ ಬೀಚ್: ಮತ್ತೆ ಏಳುತ್ತಿರುವ ಊರಿಗೆ ಹೋಗುವ ಮುನ್ನ

ಮಟಾಂಜಸ್ ಪಾಸ್ ಸೇತುವೆ ಇಳಿದು ಎಸ್ಟೆರೊ ಬುಲೆವಾರ್ಡ್ ಹಿಡಿದರೆ ಫ್ಲಾರಿಡಾದ ಈ ದ್ವೀಪದ ಊರು ಬೇಗ ಅರ್ಥವಾಗುತ್ತದೆ. ಎತ್ತರದ ಕಾಂಕ್ರೀಟ್ ಕಂಬಗಳ ಮೇಲೆ ಒಂದು ಹೊಸ ಮನೆ, ಪಕ್ಕದಲ್ಲಿ ಹುಲ್ಲು ಬೆಳೆದ ಖಾಲಿ ಸೈಟು, ಅದರಾಚೆ ಹಳೆಯ ತಗ್ಗು ಮನೆ.

2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಗಂಟೆಗೆ ಸುಮಾರು 240 ಕಿ.ಮೀ. ಗಾಳಿಯೊಂದಿಗೆ ಕಾಯೊ ಕೋಸ್ಟಾ ದ್ವೀಪಕ್ಕೆ ಅಪ್ಪಳಿಸಿತು. ಅದರ ಕಣ್ಣು, ಅಂದರೆ ನಡುಭಾಗ, ಹಾದದ್ದು ಈ ಊರಿನ ವಾಯವ್ಯಕ್ಕೆ. ಹಾಗಿದ್ದೂ ಹೆಚ್ಚು ಪೆಟ್ಟು ತಿಂದದ್ದು ಇಲ್ಲೇ. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುವುದರಿಂದ ಕಣ್ಣಿನ ದಕ್ಷಿಣಕ್ಕೆ ಗಾಳಿ ಕಡಲನ್ನು ದಡದತ್ತ ತಳ್ಳಿತು. ಉತ್ತರದ ಟ್ಯಾಂಪಾ ಕೊಲ್ಲಿಯಲ್ಲಿ ಅದೇ ಗಾಳಿ ನೀರನ್ನು ಹಿಂದಕ್ಕೆ ಸರಿಸಿತ್ತು. ಇಲ್ಲಿ ಕಡಲತಳ ಆಳವಿಲ್ಲದೆ ನಿಧಾನ ಇಳಿಜಾರಾಗಿರುವುದರಿಂದ ನೆಲದ ಮೇಲೆ 10ರಿಂದ 15 ಅಡಿ ನೀರು ಏರಿತು. ಕಡಲೊಳಗೆ ಚಾಚಿದ್ದ ಕಟ್ಟೆ ‘ಪಿಯರ್’ನ ಹಲಗೆಗಳು ಕೊಚ್ಚಿಹೋಗಿ ಕಂಬಗಳಷ್ಟೇ ಉಳಿದವು. 2024ರಲ್ಲಿ ಹೆಲೀನ್, ಮಿಲ್ಟನ್ ಚಂಡಮಾರುತಗಳು ಬಂದು ಮತ್ತೆ ನೀರು ನುಗ್ಗಿಸಿದವು.

ಇಷ್ಟು ವರ್ಷವಾದರೂ ಸೈಟುಗಳು ಯಾಕೆ ಖಾಲಿ? ವಿಮೆ ಹಣದ ಜಗ್ಗಾಟ ಒಂದು ಕಾರಣ. ಇನ್ನೊಂದು, ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪ್ರವಾಹ ನಿಯಮಗಳಲ್ಲಿರುವ ‘50 ಪರ್ಸೆಂಟ್ ರೂಲ್’. ಜಾಗದ ಬೆಲೆ ಬಿಟ್ಟು ಕಟ್ಟಡದ್ದಷ್ಟೇ 2 ಲಕ್ಷ ಡಾಲರ್ ಎಂದುಕೊಳ್ಳಿ. ರಿಪೇರಿ ಖರ್ಚು 1 ಲಕ್ಷ ಮುಟ್ಟಿತೋ, ಇಡೀ ಮನೆಯನ್ನು ಇಂದಿನ ನಿಯಮ ಹೇಳುವ ಪ್ರವಾಹ ಮಟ್ಟಕ್ಕೆ ಎತ್ತಲೇಬೇಕು. ಕೆಳಗೆ ಕಾರು ನಿಲ್ಲಿಸಬಹುದು, ಸಾಮಾನು ಇಡಬಹುದು, ಮೆಟ್ಟಿಲು ಇರಬಹುದು, ವಾಸ ಕೂಡದು. ಅಲೆ ಬಡಿಯುವ ವಲಯದಲ್ಲಿ ಕೆಳಗಿನ ಗೋಡೆಗಳನ್ನು ಸುಲಭವಾಗಿ ಕಳಚಿಕೊಳ್ಳುವಂತೆಯೇ ಕಟ್ಟುತ್ತಾರೆ. ಗೋಡೆ ಹೋದರೆ ನೀರು ಕಂಬಗಳ ನಡುವೆ ಹರಿದುಹೋಗುತ್ತದೆ, ಮನೆ ಉಳಿಯುತ್ತದೆ. ಹಣವಿದ್ದವರು ಎತ್ತಿಸಿದರು, ಇಲ್ಲದವರು ಸೈಟು ಮಾರಿದರು. ಹಳೆಯ ಅಗ್ಗದ ಮೋಟೆಲ್‌ಗಳ ಊರು ದುಬಾರಿಯಾಗುತ್ತಿರುವುದರ ಗುಟ್ಟು ಇದೇ.

ರೂಮು ಬುಕ್ ಮಾಡುವಾಗ ಚೆಂದದ ಫೋಟೊ ನಂಬಿ ಕೂರಬೇಡಿ, ಅದು ಬಿರುಗಾಳಿಗಿಂತ ಮುಂಚಿನದಿರಬಹುದು. ಫೋನ್ ಮಾಡಿ ಲಿಫ್ಟ್ ನಡೆಯುತ್ತಿದೆಯೇ, ಈಜುಕೊಳ ತೆರೆದಿದೆಯೇ, ಪಕ್ಕದಲ್ಲಿ ಕಟ್ಟಡ ಕೆಲಸವಿದೆಯೇ ಎಂದು ಕೇಳಿ. ಕಂಬಗಳನ್ನು ಹೂಳುವ ಯಂತ್ರ ಬೆಳಿಗ್ಗೆಯೇ ಬಡಿಯಲು ಶುರುಮಾಡಿದರೆ ಸಮುದ್ರದ ಸದ್ದು ಕೇಳದು. ಚಂಡಮಾರುತಗಳ ಕಾಲವಾದ ಜೂನ್ 1ರಿಂದ ನವೆಂಬರ್ 30ರವರೆಗೆ ಹೋಗುವುದಾದರೆ ಪ್ರವಾಸ ವಿಮೆಯನ್ನು ಟಿಕೆಟ್ ಜೊತೆಗೇ ತೆಗೆದುಕೊಳ್ಳಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹವೆ ಹಿತ, ಆದರೆ ದ್ವೀಪದುದ್ದಕ್ಕೂ ಇರುವುದು ಅದೊಂದೇ ಮುಖ್ಯರಸ್ತೆ. ಸೇತುವೆ ದಾಟುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಬೆಳಿಗ್ಗೆ ಬೇಗ ಬಂದು ಕಾರು ಒಂದೆಡೆ ನಿಲ್ಲಿಸಿ ನಡೆಯುವುದೇ ವಾಸಿ.

ಖಾಲಿ ಸೈಟುಗಳ ಅಂಚಿನಲ್ಲಿ ಬರಿಗಾಲು ಬೇಡ, ಮೊಳೆ, ಗಾಜಿನ ಚೂರು ಮರಳಿನಿಂದ ಮೇಲೇಳುವುದುಂಟು. ಮೈಮೇಲೆ ಗಾಯವಿದ್ದರೆ ನೀರಿಗಿಳಿಯಬೇಡಿ: ಇಯಾನ್ ನಂತರ ಈ ಊರಿರುವ ಲೀ ಕೌಂಟಿಯಲ್ಲಿ, ಗಾಯದ ಮೂಲಕ ಒಳಹೊಗುವ ವಿಬ್ರಿಯೊ ಬ್ಯಾಕ್ಟೀರಿಯಾದ ಸೋಂಕು ಹೆಚ್ಚಾಗಿತ್ತು. ದಡದಲ್ಲಿ ಸುಮ್ಮನೆ ಕೆಮ್ಮು ಬಂದರೆ ‘ರೆಡ್ ಟೈಡ್’ (ಕಡಲಲ್ಲಿ ವಿಷಕಾರಿ ಪಾಚಿ ವಿಪರೀತ ಬೆಳೆಯುವುದು) ಇರಬಹುದು, ಅಂದು ಬೇರೆ ಬೀಚ್ ನೋಡಿಕೊಳ್ಳಿ. ನೀರಿನಲ್ಲಿ ಪಾದ ಎತ್ತಿಡದೆ ಎಳೆದುಕೊಂಡು ನಡೆದರೆ ಮರಳಡಿ ಅಡಗಿದ, ಬಾಲದ ಮುಳ್ಳಿನಿಂದ ಚುಚ್ಚುವ ತೊರಕೆ ಮೀನು ತಾನೇ ಸರಿಯುತ್ತದೆ. ಮೇ 1ರಿಂದ ಅಕ್ಟೋಬರ್ 31ರವರೆಗೆ ಕಡಲಾಮೆಗಳು ದಡಕ್ಕೆ ಬಂದು ಮೊಟ್ಟೆಯಿಡುವ ಕಾಲ. ತೋಡಿದ ಗುಂಡಿ ಮುಚ್ಚಿ, ಕುರ್ಚಿ ತೆಗೆದು, ಸಮುದ್ರದ ಕಡೆಯ ದೀಪ ಆರಿಸಿ ಮಲಗಿ.